ಅಜ್ಜನ ತಮ್ಮ ಬರ್ಮಾ ಯುದ್ಧದಲ್ಲಿ ತೀರಿಕೊಂಡರಂತೆ, ನಮ್ಮೂರು ಮುಳುಗಡೆಯಾಗಿದೆ. ಅವರ ದಾಖಲೆ ಹುಡುಕೋದು ಹೇಗೆ?

ನೀವು ಬರೆದಿರುವುದರಲ್ಲಿ ಸಿಗುವುದು ಇಷ್ಟು: ಸಾಗರ ತಾಲ್ಲೂಕು, ಕರೂರು ಹೋಬಳಿ, ಎರಡನೇ ಮಹಾಯುದ್ಧ, ಬರ್ಮಾ. ರೆಜಿಮೆಂಟ್ ಗೊತ್ತಿಲ್ಲ, ನಂಬರ್ ಗೊತ್ತಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದಾಗ ಮನೆ ಬಿಟ್ಟವರು, ಹಾಗಾಗಿ ಸೈನ್ಯದ ಕಾಗದವೂ ಉಳಿದಿಲ್ಲ. ಪರವಾಗಿಲ್ಲ. ನಮ್ಮಜ್ಜಿಯ ಅಣ್ಣನನ್ನು ಹುಡುಕಲು ಹೊರಟಾಗ ನನ್ನ ಕೈಯಲ್ಲೂ ಇದಕ್ಕಿಂತ ಜಾಸ್ತಿ ಏನೂ ಇರಲಿಲ್ಲ.

ಸೈನ್ಯದ ಕಚೇರಿಗಳಿಗೆ ಈಗಲೇ ಅರ್ಜಿ ಬರೆಯಬೇಡಿ. ನಂಬರ್, ಯೂನಿಟ್ ಇಲ್ಲದಿದ್ದರೆ ಅವರಾದರೂ ಎಲ್ಲಿ ಹುಡುಕಬೇಕು ಹೇಳಿ. ಮೊದಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟ್ ನೋಡಿ. ಎರಡೂ ಮಹಾಯುದ್ಧಗಳಲ್ಲಿ ಭಾರತವೂ ಸೇರಿ ಬ್ರಿಟಿಷ್ ಸಾಮ್ರಾಜ್ಯದ ಕಡೆಯಿಂದ ಹೋಗಿ ಸತ್ತ ಸುಮಾರು 17 ಲಕ್ಷ ಜನರ ಹೆಸರು ಅಲ್ಲಿದೆ. ದುಡ್ಡು ಕೊಡಬೇಕಿಲ್ಲ. ಎರಡನೇ ಯುದ್ಧದ ಪಟ್ಟಿಗೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ತೀರಿಕೊಂಡವರನ್ನು ಸೇರಿಸಿದ್ದಾರೆ.

ಇಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. ಹೆಸರು ಟೈಪ್ ಮಾಡುತ್ತಾರೆ, ಬರುವುದಿಲ್ಲ, ಬಿಟ್ಟುಬಿಡುತ್ತಾರೆ. ನಮ್ಮ ಕಡೆಯ ಮಂಜಪ್ಪ, ತಿಮ್ಮಪ್ಪಗಳನ್ನು ಸೈನ್ಯದ ಡಿಪೋದ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ಇನಿಷಿಯಲ್ ಇರುವುದೇ ಇಲ್ಲ. ಸುಮ್ನೆ ಹೆಸರಿನ ಹಿಂದೆ ಬೀಳಬೇಡಿ, ಊರು ಮತ್ತು ತಂದೆಯ ಹೆಸರು ಹಿಡಿದು ಹುಡುಕಿ. ಆ ಸೈಟಿನಲ್ಲಿ ಹೆಚ್ಚುವರಿ ಮಾಹಿತಿ ಅಂತ ಒಂದು ಖಾನೆ ಇದೆ. 'ಇಂಥವರ ಮಗ, ಇಂಥ ಊರು, ಶಿಮೊಗ, ಮೈಸೂರು' ಎನ್ನುವ ರೀತಿಯ ಸಾಲು ಅಲ್ಲಿರುತ್ತದೆ. ಎಲ್ಲರಿಗೂ ಇರುವುದಿಲ್ಲ, ಆದರೆ ಇದ್ದರೆ ಅದೇ ನಿಮ್ಮ ಬೀಗದ ಕೈ. ಜಿಲ್ಲೆಗೆ ಹಳೇ ಸ್ಪೆಲ್ಲಿಂಗನ್ನೇ ಹಾಕಿ, ಶಿವಮೊಗ್ಗ ಅಂತ ಇಂಗ್ಲಿಷಿನಲ್ಲಿ ಅಧಿಕೃತವಾಗಿ ಬರೆಯತೊಡಗಿದ್ದು 2014ರಲ್ಲಿ. ಅಕ್ಕಪಕ್ಕದವರಿಗೂ ಒಂದು ಮಾತು: ಆಗ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ, ಹೊಸನಗರ ಕಡೆಯವರು ನಗರ ಅಂತಲೂ ಹಾಕಿ ನೋಡಬೇಕು.

ಮುಳುಗಿದ ಊರು ಇವತ್ತಿನ ಮ್ಯಾಪಿನಲ್ಲಿ ಇಲ್ಲ, ಸರಿ. ಆದರೆ ನಿಮ್ಮ ಮನೆಯಲ್ಲಿ ಮುಳುಗಡೆ ಪರಿಹಾರದ ಕಾಗದ ಇದ್ದೇ ಇರುತ್ತದೆ, ಅಲ್ವಾ? ಹಕ್ಕುಪತ್ರಕ್ಕೆ ಅಲೆದ ಯಾವ ಕುಟುಂಬವೂ ಆ ಫೈಲನ್ನು ಎಸೆದಿರುವುದಿಲ್ಲ. ಗ್ರಾಮದ ಹೆಸರು, ಖಾತೆದಾರರ ಹೆಸರು ಅದರಲ್ಲಿ ಸಿಗುತ್ತದೆ. ಖಾತೆ ಮುತ್ತಜ್ಜನ ಹೆಸರಲ್ಲಿದ್ದರೆ ತಂದೆಯ ಹೆಸರೂ ಸಿಕ್ಕ ಹಾಗೆ.

ಇನ್ನು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. 'ಯುದ್ಧದಲ್ಲಿ ಏನು ಮಾಡ್ತಿದ್ರು' ಅಂತ ಕೇಳಿದರೆ ಕಥೆ ಬರುತ್ತದೆ. 'ಲಾರಿ ಓಡಿಸ್ತಿದ್ರಾ, ಸೇತುವೆ ಕಟ್ತಿದ್ರಾ, ಟ್ರೈನಿಂಗ್ ಎಲ್ಲಿ' ಅಂತ ಕೇಳಿ. ಲಾರಿ ಅಂದರೆ ಬಹುಶಃ ಆರ್ಮಿ ಸರ್ವಿಸ್ ಕೋರ್. ಸೇತುವೆ, ರಸ್ತೆ, ಬೆಂಗಳೂರು ಅಂದರೆ ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರಿಂಗ್ ದಳ) ಇರಬಹುದು, ಅವರ ಡಿಪೋ ಹಲಸೂರು ಕೆರೆ ಹತ್ತಿರ. ಬೆಳಗಾವಿ ಅಂದರೆ ಮರಾಠಾ ಲೈಟ್ ಇನ್‌ಫೆಂಟ್ರಿ. ಮೆಡಲ್ ಏನಾದರೂ ಉಳಿದಿದ್ದರೆ ಅದೃಷ್ಟ. ಬರ್ಮಾ ಸ್ಟಾರ್ ಸಿಕ್ಕರೆ ತಿರುಗಿಸಿ ನೋಡಿ. ಬ್ರಿಟಿಷ್ ಸೈನಿಕರ ಸ್ಟಾರುಗಳು ಖಾಲಿ, ಆದರೆ ಭಾರತೀಯರಿಗೆ ಕೊಟ್ಟದ್ದರ ಹಿಂಬದಿಯಲ್ಲಿ ನಂಬರ್, ಹುದ್ದೆ, ಹೆಸರು, ಯೂನಿಟ್ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕೊರೆದಿರುತ್ತದೆ. ನಮ್ಮ ಅತ್ತೆ ಅದನ್ನು ವರ್ಷಾನುಗಟ್ಟಲೆ ಹುಣಸೆಹಣ್ಣು ಹಾಕಿ ಉಜ್ಜಿದ್ದರು, ಆದರೂ ನಂಬರಿನ ಕೊನೆಯ ಅಂಕಿಗಳು ಓರೆ ಬೆಳಕಿಗೆ ಹಿಡಿದರೆ ಕಾಣುತ್ತಿದ್ದವು.

ಮನೆಯಲ್ಲಿ ತಿಥಿ ಮಾಡುವ ದಿನವನ್ನು ಪೂರ್ತಿ ನಂಬಬೇಡಿ. ಅದು ಸುದ್ದಿ ಬಂದ ದಿನ ಇರಬಹುದು. ನಮ್ಮಲ್ಲಿ ಶ್ರಾದ್ಧ ಕಾರ್ತಿಕದಲ್ಲಿ ನಡೆಯುತ್ತಿತ್ತು, ದಾಖಲೆಯಲ್ಲಿರುವ ದಿನ ನಡು ಮಳೆಗಾಲದ್ದು. ತಂತಿ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ಹೆಸರು ಸಿಕ್ಕರೆ, ಎಲ್ಲಿ ಅಂತಲೂ ಗೊತ್ತಾಗುತ್ತದೆ. ಬರ್ಮಾದಲ್ಲಿ ಸತ್ತು ಸಮಾಧಿಯ ಗುರುತಿಲ್ಲದ ಸುಮಾರು 27,000 ಜನರ ಹೆಸರು ರಂಗೂನ್ ಹತ್ತಿರದ ತೌಕ್ಯಾನ್ ಸ್ಮಾರಕದ ಕಂಬಗಳ ಮೇಲಿದೆ. ಎಷ್ಟನೇ ಮುಖದಲ್ಲಿ ಅನ್ನುವುದನ್ನೂ ದಾಖಲೆಯಲ್ಲಿ ಕೊಟ್ಟಿರುತ್ತಾರೆ. ದಹನವಾದವರಿಗೆ ಅಲ್ಲೇ ಬೇರೆ ಸ್ಮಾರಕ ಇದೆ. ಹಾಗೆಯೇ ಇಂಫಾಲ್, ಕೊಹಿಮಾದಲ್ಲೂ ಹಿಂದೂ ಮತ್ತು ಸಿಖ್ ಸೈನಿಕರ ದಹನ ಸ್ಮಾರಕಗಳಿವೆ. 'ಬರ್ಮಾ' ಅಂತ ಮನೆಯವರು ಹೇಳಿದ್ದು ಮಣಿಪುರವೂ ಆಗಿರಬಹುದು, 1944ರ ದೊಡ್ಡ ಕಾಳಗ ಅಲ್ಲೇ ಆಗಿದ್ದು.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಮಾರಾಯ್ರೆ. ಆ ಪಟ್ಟಿಯಲ್ಲಿ ಸಾವಿನ ಕಾರಣ ಸಾಮಾನ್ಯವಾಗಿ ಇರುವುದಿಲ್ಲ. ಬರ್ಮಾ ಕಾಡಿನಲ್ಲಿ ಗುಂಡಿಗಿಂತ ಮಲೇರಿಯಾ ಹೆಚ್ಚು ಜನರನ್ನು ಮಲಗಿಸಿತು. ಗುಂಡು ತಾಗಿ ಸತ್ತರು ಅಂತ ಮನೆಯಲ್ಲಿ ಹೇಳುತ್ತಾ ಬಂದಿದ್ದರೆ ಮುಂದೆ ಸಿಗುವ ಸೈನ್ಯದ ದಾಖಲೆ ಬೇರೆಯದನ್ನೇ ಹೇಳಬಹುದು. ನನ್ನ ಪ್ರಕಾರ ಅದರಿಂದ ಅವರ ಗೌರವ ಏನೂ ಕಡಿಮೆಯಾಗುವುದಿಲ್ಲ. ವಯಸ್ಸಾದವರಿಗೆ ಹೇಳಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು.

ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅಂದರೆ ಇನ್ನೊಂದು ದಾರಿ. 1942ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ ಸೆರೆಯಾದವರಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳದವರೂ ಇದ್ದರು. ಅಲ್ಲಿ ಸೆರೆಯಾದ ಭಾರತೀಯರಲ್ಲಿ ಎಷ್ಟೋ ಜನ ಆಜಾದ್ ಹಿಂದ್ ಫೌಜ್ ಸೇರಿದರು, ಇನ್ನು ಕೆಲವರನ್ನು ಜಪಾನಿಯರು ನ್ಯೂಗಿನಿಯವರೆಗೆ ಸಾಗಿಸಿದರು. ಫೌಜಿನ ಕಾಗದಗಳನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ನೋಡಬೇಕು. ಅವರ ಅಭಿಲೇಖ್ ಪಟಲ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಹುಡುಕಬಹುದು.

ನಂಬರ್ ಮತ್ತು ಯೂನಿಟ್ ಕೈಗೆ ಬಂದ ಮೇಲೆ ಆ ದಳದ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ, ಸಂಬಂಧ ತೋರಿಸುವ ವಂಶವೃಕ್ಷ ಲಗತ್ತಿಸಿ. ನಾಡಕಚೇರಿಯಲ್ಲಿ ಮಾಡಿಸಿದ್ದಾದರೆ ಒಳ್ಳೆಯದು. ಅವರ ದಳ ಆ ವಾರ ಎಲ್ಲಿತ್ತು, ಏನಾಯಿತು ಅನ್ನುವುದು ಬೇಕಿದ್ದರೆ ಯುದ್ಧ ದಿನಚರಿಗಳಿವೆ. ಬರ್ಮಾ ರಂಗದವು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 172 ಸರಣಿಯಲ್ಲಿ ಸಿಗುತ್ತವೆ. ಸಾಮಾನ್ಯ ಸಿಪಾಯಿಯ ಹೆಸರು ಅದರಲ್ಲಿ ಬರುವುದು ಅಪರೂಪ.

ಕಮಿಷನ್ ಪಟ್ಟಿಯಲ್ಲಿ ಹೆಸರೋ ಊರೋ ತಪ್ಪಾಗಿದ್ದರೆ ಆಧಾರ ಕೊಟ್ಟು ತಿದ್ದುಪಡಿ ಕೇಳಬಹುದು. ಊರಿನ ಹೆಸರು, ಮುತ್ತಜ್ಜನ ಹೆಸರು ಸಿಕ್ಕಿದ ಮೇಲೆ ಇಲ್ಲೇ ಬರೆಯಿರಿ, ಇಂಗ್ಲಿಷಿನಲ್ಲಿ ಯಾವ್ಯಾವ ಸ್ಪೆಲ್ಲಿಂಗ್ ಹಾಕಿ ನೋಡಬಹುದು ಅಂತ ಒಂದು ಪಟ್ಟಿ ಮಾಡಿಕೊಡುತ್ತೇನೆ.