ಕಿರುಚಿತ್ರಕ್ಕೆ ಕ್ರೀಡಾ ವರದಿಗಾರನ ಪಾತ್ರ: ತೆರೆಯ ಮೇಲೆ ತೋರಿಸೋ ಹಾಗೇ ಇರ್ತಾರಾ?

ಮೈಸೂರಿನ ಕ್ರೀಡಾ ವರದಿಗಾರನೊಬ್ಬನ ಮೇಲೆ ಕಿರುಚಿತ್ರ ಬರೆಯುತ್ತಿದ್ದೀರಿ, ಸಿನಿಮಾ-ಟಿವಿಯಲ್ಲಿ ಕಾಣುವಂತೆ ಬರೆದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೈಕು ಚಾಚಿಕೊಂಡು ಓಡಿಬಂದು 'ಸೋಲಿಗೆ ಯಾರು ಕಾರಣ ಸಾರ್?' ಅಂತ ಕಿರುಚುವ ಗುಂಪು ಚಾನೆಲ್‌ನವರದ್ದು, ಅದೂ ಅರ್ಧ ನಿಮಿಷದ ಕೆಲಸ. ಪತ್ರಿಕೆಯವನನ್ನು ಹಿಂಡುವುದು ಗಡಿಯಾರ. ತೆರೆಯ ಮೇಲೆ ಅದೇ ಕಾಣೆಯಾಗುತ್ತದೆ. ಅಮೆರಿಕದ 'ಎವರಿಬಡಿ ಲವ್ಸ್ ರೇಮಂಡ್' (1996–2005) ಧಾರಾವಾಹಿಯ ನಾಯಕ ನ್ಯೂಸ್‌ಡೇ ಪತ್ರಿಕೆಯ ಕ್ರೀಡಾ ಬರಹಗಾರ, ಆದರೆ ಒಂಬತ್ತು ಸೀಸನ್‌ಗಳಲ್ಲಿ ಅವನನ್ನು ನಾವು ಹೆಚ್ಚು ನೋಡುವುದು ಮನೆಯ ಸೋಫಾ ಮೇಲೆ!

ಗಡಿಯಾರ ಅಂದರೆ ಏನು ಅಂತ ಒಂದು ಪಂದ್ಯ ಇಟ್ಟುಕೊಂಡು ಹೇಳುತ್ತೇನೆ. 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ-ಮುಂಬೈ ರಣಜಿ ಫೈನಲ್. ಗೆಲ್ಲಲು ಕರ್ನಾಟಕಕ್ಕೆ 338 ಬೇಕು. ಮನೀಶ್ ಪಾಂಡೆ 144 ಹೊಡೆದರು, ತಂಡ 331ಕ್ಕೆ ಆಲೌಟ್, ಬರೀ 6 ರನ್ನಿನ ಸೋಲು. ಇಂಥ ದಿನ ವರದಿಗಾರನ ಲ್ಯಾಪ್‌ಟಾಪಿನಲ್ಲಿ ಎರಡು ಇಂಟ್ರೊ (ವರದಿಯ ಮೊದಲ ಪ್ಯಾರಾ) ಸಿದ್ಧವಿರಬೇಕು, ಗೆದ್ದರೆ ಒಂದು, ಸೋತರೆ ಒಂದು. ಕೆಳಗಿನ ನಾಲ್ಕೈದು ಪ್ಯಾರಾ (ಜತೆಯಾಟ, ಯಾವ ಓವರಿನಲ್ಲಿ ಯಾರು ಬಿದ್ದರು) ಎರಡಕ್ಕೂ ಹೊಂದುವ ಹಾಗೆ ಮೊದಲೇ ಬರೆದಿರುತ್ತಾರೆ. ಕೊನೇ ವಿಕೆಟ್ ಬಿದ್ದಾಗ ಮೈದಾನವೆಲ್ಲ ಎದ್ದು ನಿಂತಿರುತ್ತದೆ, ನಿಮ್ಮ ಪಾತ್ರ ತಲೆ ತಗ್ಗಿಸಿಕೊಂಡು ಒಂದು ಇಂಟ್ರೊ ಅಳಿಸುತ್ತಿರಬೇಕು. ಆ ಶಾಟ್ ತೆಗೆಯಿರಿ. ಎಡವಟ್ಟೂ ಇಲ್ಲೇ ಆಗುವುದು: ಇಂಟ್ರೊ ಬದಲಾಗಿರುತ್ತದೆ, ಐದನೇ ಪ್ಯಾರಾದಲ್ಲಿ 'ಗೆಲುವಿಗೆ ಬುನಾದಿ ಹಾಕಿದ' ಅನ್ನೋದು ಹಾಗೇ ಉಳಿದಿರುತ್ತದೆ.

ರಾತ್ರಿ ಪಂದ್ಯವಾದರೆ ಇನ್ನೂ ಕಷ್ಟ. ದೂರದ ತಾಲ್ಲೂಕುಗಳ ಪುಟ ಮೊದಲು ಮುದ್ರಣಕ್ಕೆ ಹೋಗುತ್ತದೆ. ಹಾಗಾಗಿ ಒಂದೇ ದಿನದ ಪತ್ರಿಕೆಯಲ್ಲಿ ನಾಗಮಂಗಲದವರಿಗೆ ಅರ್ಧ ಸ್ಕೋರು, ಮೈಸೂರಿನವರಿಗೆ ಪೂರ್ತಿ ಫಲಿತಾಂಶ ಬರುವುದುಂಟು.

ವರದಿಗಾರರು ಕೂರುವ ಪ್ರೆಸ್ ಬಾಕ್ಸ್‌ನಲ್ಲಿ ಚಪ್ಪಾಳೆ ಹೊಡೆಸಬೇಡಿ. ತವರು ತಂಡವೇ ಆಡುತ್ತಿದ್ದರೂ ಅಲ್ಲಿ ಕುಣಿಯುವುದು ವೃತ್ತಿಯ ರೀತಿಯಲ್ಲ. ಈ ಜಾಗವನ್ನು ಸರಿಯಾಗಿ ಹಿಡಿದದ್ದು ನನಗೆ ಗೊತ್ತಿರುವಂತೆ ಒಂದು ಹಾಸ್ಯಚಿತ್ರ, 1968ರ 'ದಿ ಆಡ್ ಕಪಲ್'. ಜತೆಗೆ ವಾಸವಿರುವ ಗೆಳೆಯ ಫೋನ್ ಮಾಡಿ 'ರಾತ್ರಿ ಊಟಕ್ಕೆ ಸಾಸೇಜ್ ಮಾಡ್ತಿದ್ದೀನಿ, ಅಲ್ಲಿ ತಿನ್ನಬೇಡ' ಅಂತ ಹೇಳುವಷ್ಟರಲ್ಲಿ, ಬೇಸ್‌ಬಾಲ್‌ನಲ್ಲಿ ಒಂದೇ ಹೊಡೆತಕ್ಕೆ ಮೂವರು ಔಟಾಗುವ ಅಪರೂಪದ ಟ್ರಿಪಲ್ ಪ್ಲೇ ಆ ಚಿತ್ರದ ಕ್ರೀಡಾ ವರದಿಗಾರನ ಬೆನ್ನ ಹಿಂದೆ ನಡೆದುಹೋಗುತ್ತದೆ. ನಗು ಬರುತ್ತದೆ, ಆದರೆ ಕೆಲಸದಲ್ಲಿರುವವರಿಗೆಲ್ಲ ಆ ಹೊಟ್ಟೆಯುರಿ ಗೊತ್ತು. ಹಾಗೆ ಕಣ್ತಪ್ಪಿದಾಗ ಊಹಿಸಿ ಬರೆಯುವಂತಿಲ್ಲ, ಸ್ಕೋರರ್ ಹತ್ತಿರ ಹೋಗಿ ಪುಸ್ತಕ ನೋಡಬೇಕು. ಕ್ಯಾಚ್ ಹಿಡಿದವನು ಹನ್ನೊಂದರಲ್ಲಿ ಒಬ್ಬನೋ ಬದಲಿ ಆಟಗಾರನೋ ಅನ್ನುವುದು ಅಲ್ಲೇ ಖಾತ್ರಿಯಾಗುವುದು.

ಇನ್ನು ಜಿಲ್ಲಾ ಕಚೇರಿಯಲ್ಲಿ 'ಬರೀ ಕ್ರೀಡೆ' ನೋಡುವವರು ಕಡಿಮೆ. ಬೆಳಿಗ್ಗೆ ಪಾಲಿಕೆ ಸಭೆ, ಸಂಜೆ ಮಂಡ್ಯದಲ್ಲಿ ಕಬಡ್ಡಿ, ದಸರಾ ಬಂದರೆ ಕುಸ್ತಿ ಅಖಾಡ. ಕುಸ್ತಿ ದೃಶ್ಯ ಇಡುವುದಾದರೆ ನೋಟ್‌ಬುಕ್ಕನ್ನು ಹತ್ತಿರದಿಂದ ತೋರಿಸಿ. ನಾಡಕುಸ್ತಿ ಒಂದು ಪುಟ, ಪಾಯಿಂಟ್ ಕುಸ್ತಿ ಇನ್ನೊಂದು. ಮೊದಲನೆಯದರಲ್ಲಿ ಯಾರು ಯಾರನ್ನು ಚಿತ್ ಮಾಡಿದರು, ಎಷ್ಟು ನಿಮಿಷದಲ್ಲಿ. ಎರಡನೆಯದರಲ್ಲಿ ತೂಕದ ವಿಭಾಗ, ಅಂಕ. ಹೆಸರಿಗೆ ಮೊದಲು 'ಪೈ.', ಅಂದರೆ ಪೈಲ್ವಾನ್. ಹೆಸರಾದ ಮೇಲೆ ಊರೋ ಗರಡಿಯೋ. ಜೋಡಿ ಕಟ್ಟಿದಾಗಿನ ಪಟ್ಟಿಯಲ್ಲಿದ್ದ ಹೆಸರು ಅಖಾಡಕ್ಕೆ ಇಳಿಯುವ ಹೊತ್ತಿಗೆ ಬದಲಾಗಿರಬಹುದು, ಒಂದೇ ಹೆಸರಿನ ಇಬ್ಬರೂ ಇರಬಹುದು. ಅದಕ್ಕೇ ಗೆದ್ದವನನ್ನೇ ನಿಲ್ಲಿಸಿ, ಇನಿಷಿಯಲ್ ಸಮೇತ ಹೆಸರು ಕೇಳಿ, ಬರೆದದ್ದನ್ನು ಓದಿ ಹೇಳಬೇಕು. ನಿಮ್ಮ ನಟನಿಗೆ ಇಷ್ಟು ಕಲಿಸಿದರೆ ಪಾತ್ರ ಅರ್ಧ ಗೆದ್ದಂತೆ.

ಸಂಪಾದಕರು ಮೇಜು ಗುದ್ದಿ 'ಮುದ್ರಣ ನಿಲ್ಲಿಸಿ!' ಅನ್ನುವ ಡೈಲಾಗ್ ಬಿಡಿ. ಡೆಸ್ಕಿನಿಂದ (ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗ) ಬರುವ ಕರೆ ಹೀಗಿರುತ್ತದೆ: 'ಜಾಹೀರಾತು ಬಂತು ಕಣ್ರೀ, 300 ಪದ ಬೇಡ, 150 ಕೊಡಿ.' ಕತ್ತರಿ ಕೆಳಗಿನಿಂದ ಬೀಳುತ್ತದೆ, ಅದಕ್ಕೇ ಮುಖ್ಯ ಸಂಗತಿ ಮೇಲಿರಬೇಕು.

ಕೊನೇ ದೃಶ್ಯದಲ್ಲಿ ಬೈಲೈನ್ (ವರದಿಯ ಜತೆ ಅಚ್ಚಾಗುವ ವರದಿಗಾರನ ಹೆಸರು) ಕ್ಲೋಸಪ್ ಕೂಡ ಬೇಡ. ಬೆಳಿಗ್ಗೆ ಆರಕ್ಕೆ ಫೋನ್ ರಿಂಗಾಗಲಿ, ಆ ಕಡೆಯಿಂದ ಒಂದೇ ಮಾತು: 'ಏನ್ ಸಾ, ನಮ್ ಹುಡುಗನ್ ಇನಿಷಿಯಲ್ಲು ತಪ್ಪಾಗ್ಬುಟ್ಟಿದೆಯಲ್ಲ?'