ಅತ್ತೆ ತಂದ ಕಷಾಯ, ಅರ್ಧಕ್ಕೆ ನಿಂತ ಪರೀಕ್ಷೆ

ಅಕ್ಕಾ, ನನಗೆ 31 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಗಂಡನ ಮನೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ಕಂಪ್ಯೂಟಿಂಗ್ ಸೇವೆ) ಸರ್ಟಿಫಿಕೇಟ್‌ಗಾಗಿ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಬರೆದೆ. ಮೊದಲ ಸಲ ಆರಿದ್ರಾ ಮಳೆ, ಚಳಿ. ಅತ್ತೆ ಪಾಪ, ಕಷಾಯ ಹಿಡಿದು ಬಾಗಿಲು ತೆಗೆದರು. ಪರೀಕ್ಷೆ ಅಲ್ಲಿಗೇ ರದ್ದಾಯಿತು. ಎರಡನೇ ಸಲ ಕರೆಂಟ್ ಹೋಗಿ ನೆಟ್ ಕಡಿಯಿತು. ಮತ್ತೆ ಸೇರಿಕೊಂಡರೂ ಕೈ ನಡುಗುತ್ತಿತ್ತು. 720 ಬೇಕಿತ್ತು, 694 ಬಂತು. ಮನೆಯಲ್ಲಿ ‘ಇನ್ನೂ ರಿಸಲ್ಟ್ ಬಂದಿಲ್ಲ’ ಎಂದಿದ್ದೇನೆ. ಮಾವ ದಿನಾ ಕೇಳುತ್ತಾರೆ. ಸೆಪ್ಟೆಂಬರ್ ಒಳಗೆ ಪಾಸಾಗಬೇಕು ಎಂದು ಆಫೀಸಿನವರ ಒತ್ತಾಯ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದಬೇಕು. ಈಗ ಲ್ಯಾಪ್‌ಟಾಪ್ ತೆರೆದರೇ ಎದೆ ಹೊಡೆದುಕೊಳ್ಳುತ್ತದೆ. ಮತ್ತೆ ಬರೆಯಲಾ, ಬಿಟ್ಟುಬಿಡಲಾ?

ತಂಗೀ, ಅಕ್ಕಾ ಎಂದು ಕರೆದಿದ್ದೀಯ, ನೀನು ಎಂದೇ ಬರೆಯುತ್ತೇನೆ. ಪರೀಕ್ಷೆ ಬರೆ. ಆದರೆ ಆ ಕೋಣೆಯಲ್ಲಿ ಬೇಡ.

ಮನೆಯಿಂದ ಬರೆಯುವಾಗ ಕೋಣೆಗೆ ಯಾರೂ ಬರಬಾರದು, ಬಾಯಿಬಿಟ್ಟು ಓದಬಾರದು, ಪೇಪರ್ ಪೆನ್ನು ಇಟ್ಟುಕೊಳ್ಳಬಾರದು. ತುಂಬಿದ ಮನೆ, ಹಂಚಿನ ಮಾಡಿನ ಮೇಲೆ ಸುರಿಯುವ ಮಳೆ, ಯಾವಾಗ ಹೋಗುತ್ತದೋ ಗೊತ್ತಿಲ್ಲದ ಕರೆಂಟ್. ನಿನ್ನ ಒಂದು ಕಿವಿ ಬಾಗಿಲ ಕಡೆಗೇ ಇತ್ತು, ಅಲ್ವಾ? ಅಷ್ಟರಲ್ಲೂ 694 ತೆಗೆದವಳಿಗೆ ಓದು ಸಾಲದು ಎಂದು ನಾನು ಹೇಳಲಾರೆ.

ಪರೀಕ್ಷಾ ಕೇಂದ್ರಕ್ಕೇ ಹೋಗು. ಬುಕ್ ಮಾಡುವಾಗ ಹತ್ತಿರದ ಕೇಂದ್ರಗಳ ಪಟ್ಟಿ ಬರುತ್ತದೆ. ಅಲ್ಲಿ ಕರೆಂಟ್, ನೆಟ್ ನಿನ್ನ ತಲೆನೋವಲ್ಲ. ಗೀಚಿಕೊಳ್ಳಲು ಒಂದು ಬೋರ್ಡು, ಮಾರ್ಕರ್ ಕೊಡುತ್ತಾರೆ. ಬೆಂಗಳೂರಿಗೇ ಹೋಗಬೇಕಾದರೂ ಸರಿ, ಹಿಂದಿನ ದಿನವೇ ಹೊರಡು. ಈ ಮಳೆಯಲ್ಲಿ ರಸ್ತೆಗೆ ಎಲ್ಲಿ ಮರ ಬಿದ್ದಿರುತ್ತದೋ ಹೇಳೋಕಾಗಲ್ಲ. ಫೇಲಾದ ಮೇಲೆ 14 ದಿನ ಕಾಯಲೇಬೇಕು. ದಿನಾಂಕ ಬದಲಿಸುವುದಾದರೆ ಪರೀಕ್ಷೆಗೆ 24 ಗಂಟೆ ಮೊದಲೇ ಬದಲಿಸಬೇಕು.

ಇನ್ನೊಂದು ವಿಷಯ ನಿನಗೆ ಯಾರೂ ಹೇಳಿದ ಹಾಗಿಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ 30 ನಿಮಿಷ ಹೆಚ್ಚು ಕೇಳಬಹುದು. 130 ನಿಮಿಷ ಇದ್ದದ್ದು 160 ಆಗುತ್ತದೆ. ಕನ್ನಡ ಮೀಡಿಯಂ ಹುಡುಗಿಗೆ ಇದು ಸಣ್ಣ ಸಹಾಯವಲ್ಲ. ಕೇಳೋಕೆ ನಾಚಿಕೆ ಬೇಡ, ಇರುವುದೇ ನಿನ್ನಂಥವರಿಗಾಗಿ.

ಕೈ ನಡುಗಿದಾಗ ಇದನ್ನು ನೆನಪಿಸಿಕೋ: 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇಲ್ಲ. ಅವು ಯಾವುವು ಎಂದು ಹೇಳುವುದಿಲ್ಲ. ಹಾಗಾಗಿ ತಲೆಬುಡ ತಿಳಿಯದ ಪ್ರಶ್ನೆ ಎದುರಾದರೆ ಅದು ಲೆಕ್ಕಕ್ಕೇ ಇಲ್ಲದ್ದೂ ಆಗಿರಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಏನೋ ಒಂದು ಆರಿಸಿ, ಗುರುತು ಹಾಕಿ, ಮುಂದೆ ಹೋಗು. ಕೈ ಎರಡನ್ನೂ ತೊಡೆಯ ಮೇಲಿಟ್ಟು ನಾಲ್ಕೈದು ಸಲ ಉಸಿರನ್ನು ನಿಧಾನವಾಗಿ ಹೊರಗೆ ಬಿಡು. ಪರೀಕ್ಷೆ ಇಲ್ಲದ ದಿನವೂ ಎದೆ ಹೊಡೆದುಕೊಳ್ಳುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಆ ಸುಳ್ಳು. ನಾನೂ ಒಮ್ಮೆ ಇಲಾಖಾ ಪರೀಕ್ಷೆಯಲ್ಲಿ ಫೇಲಾಗಿ ಮೂರು ತಿಂಗಳು ಮನೆಯಲ್ಲಿ ಮುಚ್ಚಿಟ್ಟಿದ್ದೆ. ಓದಿಗಿಂತ ಆ ಮುಚ್ಚಿಡುವುದೇ ನನ್ನನ್ನು ಜಾಸ್ತಿ ದಣಿಸಿತು. ಇವತ್ತು ರಾತ್ರಿಯೇ ಗಂಡನಿಗೆ ಹೇಳು. ಮಾವನಿಗೆ ಹೇಳುವುದೇನೂ ಕಷ್ಟವಲ್ಲ. ತೋಟಕ್ಕೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆದ ಮೇಲೆ ಮಳೆ ಬಂದು ತೊಳೆದುಹೋದರೆ ಅವರೇನು ಮಾಡುತ್ತಾರೆ? ಮಳೆ ಹೊಳವಾದಾಗ ಮತ್ತೆ ಹೊಡೆಸುತ್ತಾರೆ. ನನ್ನದೂ ಹಾಗೇ ಆಯ್ತು ಮಾವ ಅನ್ನು, ಅರ್ಥವಾಗುತ್ತದೆ.

ಅತ್ತೆಗೆ ಕಷಾಯದ ವಿಷಯ ಹೇಳಬೇಕಾ ಎಂದು ನಾನೂ ಯೋಚಿಸಿದೆ. ಹೇಳು, ಆದರೆ ನೀನೇ ಹೇಳು. ಬೇರೆ ಯಾರಿಂದಲೋ ಗೊತ್ತಾದರೆ ನೊಂದುಕೊಳ್ಳುತ್ತಾರೆ. ‘ಬಾಗಿಲು ತೆರೆಯಬಾರದು ಅನ್ನೋ ನಿಯಮ ನಾನು ಮೊದಲೇ ಹೇಳಬೇಕಿತ್ತು ಅತ್ತೆ, ಈ ಸಲ ವಾಪಸ್ ಬಂದ ಮೇಲೆ ಕಷಾಯ ಮಾಡಿಕೊಡಿ’ ಎಂದರೆ ಸಾಕು.

ಮತ್ತೆ ನೆನಪಿಸುತ್ತೇನೆ, ಆ 30 ನಿಮಿಷದ ಅರ್ಜಿಯನ್ನು ದಿನಾಂಕ ಬುಕ್ ಮಾಡುವ ಮೊದಲೇ ಹಾಕಬೇಕು. ಒಪ್ಪಿಗೆ ಬಂದ ಮೇಲೆ ಬುಕ್ ಮಾಡು.