ಫಜ್ ಒತ್ತಿದ ಕೂಡಲೇ ಬೇಸ್ ಎಲ್ಲಿ ಹೋಗುತ್ತೆ?

ನಿಮ್ಮ ಪ್ರಶ್ನೆ ಇಷ್ಟು: ಬೇಸ್ ಗಿಟಾರಿಗೆ ಅಂತ ಬಿಗ್ ಮಫ್ ಮಾದರಿಯ ಫಜ್ ಪೆಡಲ್ (ಸದ್ದನ್ನು ಒಡೆದು ಒರಟು ಮಾಡುವ, ಕಾಲಿನಲ್ಲಿ ಒತ್ತುವ ಡಬ್ಬಿ) ಕೊಂಡಿದ್ದೀರಿ. ಮನೆಯಲ್ಲಿ ಒಬ್ಬರೇ ನುಡಿಸಿದರೆ ಗೋಡೆ ನಡುಗುತ್ತದೆ. ಡ್ರಮ್ಸ್, ಗಿಟಾರ್ ಸೇರಿದ ಮೇಲೆ ಒತ್ತಿದರೆ ಬೇಸ್ ಕಾಣೆ. ಒಳಗಿನ ಕೆಪಾಸಿಟರ್‌ಗಳನ್ನೆಲ್ಲ ದೊಡ್ಡದು ಹಾಕಿದರೆ ಸರಿ ಹೋಗುತ್ತಾ ಅಂತ ಕೇಳಿದ್ದೀರಿ.

ಅರ್ಧ ಸರಿ ಹೋಗುತ್ತದೆ, ಇನ್ನರ್ಧ ಹೊಸದಾಗಿ ಕೆಡುತ್ತದೆ. ನಾನು ಅದನ್ನೇ ಮಾಡಿ ಒಂದು ಪೆಡಲ್ ಹಾಳು ಮಾಡಿಕೊಂಡವನು. ಆ ಕತೆ ಆಮೇಲೆ ಹೇಳುತ್ತೇನೆ.

ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಮುಂದಿನ ಸಲ ಬ್ಯಾಂಡ್ ಜೊತೆ ಸೇರಿದಾಗ ಟೋನ್ ಗುಂಡಿಯನ್ನು ಎಡಕ್ಕೆ, ಗಡಿಯಾರದಲ್ಲಿ ಹತ್ತು ಗಂಟೆ ಇರುವ ಕಡೆಗೆ ತಿರುಗಿಸಿ. ಸಸ್ಟೇನ್, ಅಂದರೆ ಫಜ್ ಎಷ್ಟು ಅನ್ನುವ ಗುಂಡಿ, ಅರ್ಧಕ್ಕೆ ಇಳಿಸಿ. ವಾಲ್ಯೂಮ್ ಮಾತ್ರ ಸ್ವಲ್ಪ ಜಾಸ್ತಿ ಆಯ್ತೇನೋ ಅನ್ನಿಸುವಷ್ಟು ಏರಿಸಿ. ಫಜ್ ಸ್ವರವನ್ನು ಚಪ್ಪಟೆ ಮಾಡುತ್ತದೆ. ಬೆರಳು ತಂತಿಗೆ ಬಡಿದಾಗಿನ ಆ ಮೊದಲ ಏಟು ಅದರಲ್ಲಿ ಉಳಿಯುವುದಿಲ್ಲ. ಗದ್ದಲದ ನಡುವೆ ಬೇಸನ್ನು ನಾವು ಗುರುತು ಹಿಡಿಯುವುದು ಬಹುಮಟ್ಟಿಗೆ ಆ ಏಟಿನಿಂದಲೇ ಅಲ್ವಾ? ಎಷ್ಟೋ ಜನರ ತೊಂದರೆ ಈ ಮೂರು ಗುಂಡಿಗಳಲ್ಲೇ ಮುಗಿಯುತ್ತದೆ. ನಿಮ್ಮದು ಮುಗಿಯದಿದ್ದರೆ ಮುಂದೆ ಓದಿ.

ಬಿಗ್ ಮಫ್ ಒಳಗೆ ನಾಲ್ಕು ಟ್ರಾನ್ಸಿಸ್ಟರ್‌ಗಳು ಒಂದರ ಹಿಂದೆ ಒಂದು ಇವೆ. ಮೊದಲನೆಯದು ಸಿಗ್ನಲನ್ನು ದೊಡ್ಡದು ಮಾಡುತ್ತದೆ. ನಡುವಿನ ಎರಡು, ಡಯೋಡ್ ಜೋಡಿಗಳ ಜೊತೆ ಸೇರಿ, ಅಲೆಯ ತಲೆ ಮತ್ತು ಬುಡವನ್ನು ಕತ್ತರಿಸುತ್ತವೆ. ಆಮೇಲೆ ಟೋನ್ ಭಾಗ. ಅಲ್ಲಿ ಸೋರಿ ಹೋದದ್ದನ್ನು ನಾಲ್ಕನೆಯದು ತುಂಬಿಕೊಡುತ್ತದೆ. ಮೈಕ್ ಮ್ಯಾಥ್ಯೂಸ್ 1968ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಇದನ್ನು ತಂದದ್ದು ಗಿಟಾರ್ ನುಡಿಸುವವರಿಗಾಗಿ. ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್. ನಮ್ಮ ಬೇಸಿನ ಇ ತಂತಿ 41. ಐದು ತಂತಿಯ ಬೇಸ್ ಆದರೆ ಬಿ ತಂತಿ 31ರ ಹತ್ತಿರ.

ಈಗ ಕತ್ತರಿಸುವ ಆ ಎರಡು ಹಂತಗಳನ್ನು ನೋಡಿ. ಪ್ರತಿಯೊಂದರ ಬಾಗಿಲಲ್ಲೂ ಸಾಮಾನ್ಯವಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಹಿಂದೆ 10ಕೆ (ಹತ್ತು ಸಾವಿರ ಓಮ್) ಅಥವಾ ಅದರ ಆಸುಪಾಸಿನ ರೆಸಿಸ್ಟರ್ ಇರುತ್ತದೆ. 10ಕೆ, 0.1 ಜೋಡಿಯ ಲೆಕ್ಕ ಹಾಕಿದರೆ 159 ಹರ್ಟ್ಸ್ ಬರುತ್ತದೆ. ಅದಕ್ಕಿಂತ ಕೆಳಗಿನ ಸ್ವರ ಮೆಲ್ಲಗೆ ಸೋರಲು ಶುರು. ಟ್ರಾನ್ಸಿಸ್ಟರ್ ತನ್ನದೂ ಒಂದಿಷ್ಟು ರೆಸಿಸ್ಟೆನ್ಸ್ ಸೇರಿಸುವುದರಿಂದ ನಿಜದಲ್ಲಿ ಆ ಗೆರೆ ಇನ್ನೂ ಸ್ವಲ್ಪ ಕೆಳಗಿರುತ್ತದೆ. ಆದರೂ ನಮ್ಮ ಇ ತಂತಿ ಅದರ ಕೆಳಗೇ ಉಳಿಯುತ್ತದೆ. ಹೀಗೆ ಎರಡು ಬಾಗಿಲು ದಾಟಬೇಕು.

ಇದನ್ನು ನೋಡಿದವರಿಗೆಲ್ಲ ಕೈ ತುರಿಸುತ್ತದೆ. ನನಗೂ ತುರಿಸಿತು. ಸಿಕ್ಕಿದ 0.1 ಎಲ್ಲ ಕಿತ್ತು 1 ಮೈಕ್ರೋಫ್ಯಾರಡ್ ಹಾಕಿದೆ. ಮನೆಯಲ್ಲಿ ಕೇಳಿದರೆ ಸ್ವರ್ಗ. ಜ್ಯಾಮ್ ರೂಮಿನಲ್ಲಿ ಮೊದಲ ಹಾಡಿನ ಅರ್ಧಕ್ಕೇ ನಮ್ಮ ಡ್ರಮ್ಮರ್ ಕೋಲು ಕೆಳಗಿಟ್ಟು, "ಗುರೂ, ಆಂಪ್ ಸ್ಪೀಕರ್ ಹರಿದುಹೋಯ್ತಾ?" ಅಂದ. ಸ್ವರ ಯಾವುದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಕುದಿಯುವ ಗಂಜಿ ಥರ ಬೊಳಬೊಳ ಸದ್ದು.

ಕಾರಣ ಸರಳ. ಡಯೋಡ್‌ಗೆ ಗೊತ್ತಿರುವುದು ಒಂದೇ ಎತ್ತರ. ಅದಕ್ಕಿಂತ ಮೇಲೆ ಬಂದದ್ದನ್ನೆಲ್ಲ ಸವರುತ್ತದೆ. ದಪ್ಪ ಅಲೆಯೇ ಆ ಎತ್ತರವನ್ನೆಲ್ಲ ತುಂಬಿಕೊಂಡು ಕೂತರೆ, ಅದರ ಮೇಲೆ ಸವಾರಿ ಮಾಡುವ ಸಣ್ಣ ಅಲೆಗಳಿಗೆ ಜಾಗವೇ ಉಳಿಯುವುದಿಲ್ಲ. ಸ್ವರಕ್ಕೆ ಅಂಚು ಕೊಡುವುದು ಆ ಸಣ್ಣ ಅಲೆಗಳು. ಕತ್ತರಿಸುವ ಮುಂಚೆ ಕೆಳಗಿನ ಸ್ವರ ಒಂದಿಷ್ಟು ಕಡಿಮೆಯಾಗುವುದೇ ಒಳ್ಳೆಯದು ಅಂತ ಆವತ್ತು ಅರ್ಥವಾಯಿತು. ಹಳೆಯ ಕೆಪಾಸಿಟರ್‌ಗಳನ್ನೇ ವಾಪಸ್ ಹಾಕೋಣ ಅಂತ ಹೋದರೆ ಬೋರ್ಡಿನ ತಾಮ್ರದ ಗೆರೆಯೇ ಐರನ್ ಜೊತೆ ಎದ್ದು ಬಂತು. ಒಂದೇ ಜಾಗಕ್ಕೆ ಮೂರು ಸಲ ಬಿಸಿ ತಾಗಿಸಿದರೆ ಇನ್ನೇನಾಗುತ್ತದೆ? ಆ ಪೆಡಲ್ ಈಗಲೂ ನನ್ನ ಬಳಿ ಇದೆ, ಬಾಗಿಲಿಗೆ ಅಡ್ಡ ಇಡಲು.

ಕೆಪಾಸಿಟರ್ ಬದಲಿಸಲೇಬೇಕು ಅಂತಿದ್ದರೆ ಆ ಎರಡು ಬಾಗಿಲಲ್ಲಿ ಒಂದನ್ನು ಮಾತ್ರ 0.22 ಮಾಡಿ. 159 ಇದ್ದ ಲೆಕ್ಕ 72ಕ್ಕೆ ಇಳಿಯುತ್ತದೆ. ಅಷ್ಟು ಸಾಕು.

ಇದಕ್ಕಿಂತ ಹೆಚ್ಚು ಫಲ ಕೊಡುವ ಜಾಗ ಟೋನ್ ಭಾಗ. ನಿಮ್ಮ ಬೇಸ್ ಕಾಣೆಯಾಗುವುದು ಮುಖ್ಯವಾಗಿ ಇಲ್ಲೇ ಅಂತ ನನ್ನ ಗುಮಾನಿ. ಬಹಳಷ್ಟು ಮಫ್‌ಗಳಲ್ಲಿ ಒಂದು ಕಡೆ 39ಕೆ ಮತ್ತು 0.01 ಮೈಕ್ರೋಫ್ಯಾರಡ್ ಇರುತ್ತವೆ. ಅದು ಸುಮಾರು 408 ಹರ್ಟ್ಸ್‌ವರೆಗಿನದನ್ನು ಬಿಡುತ್ತದೆ. ಇನ್ನೊಂದು ಕಡೆ 22ಕೆ ಮತ್ತು 0.0039. ಅದು 1,855 ಹರ್ಟ್ಸ್ ಮೇಲಿನದನ್ನು ಬಿಡುತ್ತದೆ. ನಡುವಿನದು ಯಾರಿಗೂ ಬೇಡವಾದ ಮಗು. ಗುಂಡಿ ನಡುವಿಗೆ ಇಟ್ಟಾಗ 1,000 ಹರ್ಟ್ಸ್ ಸುತ್ತಮುತ್ತ ಒಂದು ಹಳ್ಳ ಬೀಳುತ್ತದೆ. ಮನೆಯಲ್ಲಿ ಒಬ್ಬರೇ ಕೇಳಿದರೆ ಆ ಹಳ್ಳ ತುಂಬ ಚೆಂದ. ಬ್ಯಾಂಡಿನಲ್ಲಿ ಕೆಳಗಿನ ಭಾಗವನ್ನು ಕಿಕ್ ಡ್ರಮ್ ನುಂಗುತ್ತದೆ, ಮೇಲಿನದನ್ನು ಸಿಂಬಲ್ ಮತ್ತು ಗಿಟಾರ್ ಹಂಚಿಕೊಳ್ಳುತ್ತವೆ. ನಿಮಗೆ ಖಾಲಿ ಇದ್ದ ಜಾಗ ಆ ಹಳ್ಳವೇ. ಆ 0.0039 ಒಂದನ್ನು ಕಿತ್ತು 0.01 ಹಾಕಿ. 1,855 ಇದ್ದದ್ದು 723ಕ್ಕೆ ಇಳಿದು ಹಳ್ಳ ಹೆಚ್ಚುಕಡಿಮೆ ತುಂಬುತ್ತದೆ. ಮಾದರಿಯಿಂದ ಮಾದರಿಗೆ ಈ ಅಂಕಿಗಳು ಬೇರೆ ಇರುತ್ತವೆ, ಹಾಗಾಗಿ ನಿಮ್ಮ ಬೋರ್ಡ್ ಮೇಲೆ ಬರೆದಿರುವುದನ್ನೇ ನಂಬಿ.

ಇಷ್ಟಾದರೂ ಆ ಮೊದಲ ಏಟು ವಾಪಸ್ ಬರುವುದಿಲ್ಲ. ಅದು ಡಯೋಡ್ ದಾಟಿ ಬರುವುದೇ ಇಲ್ಲವಲ್ಲ. ಅದನ್ನು ಬೇರೆ ದಾರಿಯಲ್ಲಿ ಕರೆತರಬೇಕು. ನನ್ನ ನಿಜವಾದ ಉತ್ತರ ಇದು: ಫಜ್‌ನ ಬೋರ್ಡ್ ಮುಟ್ಟಬೇಡಿ, ಪಕ್ಕದಲ್ಲಿ ಫಜ್ ತಾಗದ ಕ್ಲೀನ್ ಸಿಗ್ನಲ್‌ಗೆ ಒಂದು ದಾರಿ ಮಾಡಿ ಕೊನೆಯಲ್ಲಿ ಎರಡನ್ನೂ ಬೆರೆಸಿ. ಬ್ಲೆಂಡ್ ಅನ್ನುವುದು ಇದಕ್ಕೇ.

ಟಿಎಲ್072 ಅನ್ನುವ ಎಂಟು ಕಾಲಿನ ಐಸಿ ತನ್ನಿ. ಅದರೊಳಗೆ ಎರಡು ಆಂಪ್ ಇವೆ. 8ನೇ ಕಾಲು 9 ವೋಲ್ಟಿಗೆ, 4ನೆಯದು ಗ್ರೌಂಡಿಗೆ. 9 ವೋಲ್ಟ್ ಮತ್ತು ಗ್ರೌಂಡ್ ನಡುವೆ ಎರಡು 10ಕೆ ರೆಸಿಸ್ಟರ್ ಸಾಲಾಗಿ ಇಟ್ಟರೆ ನಡುವೆ 4.5 ವೋಲ್ಟ್ ಸಿಗುತ್ತದೆ. ಅಲ್ಲಿಂದ ಗ್ರೌಂಡಿಗೆ ಒಂದು 47 ಮೈಕ್ರೋಫ್ಯಾರಡ್ ಹಾಕಿ. ಫುಟ್‌ಸ್ವಿಚ್‌ನಿಂದ ಬೋರ್ಡಿಗೆ ಹೋಗುವ ಇನ್‌ಪುಟ್ ತಂತಿಯನ್ನು ಬಿಡಿಸಿ, 0.1 ಕೆಪಾಸಿಟರ್ ಮೂಲಕ 3ನೇ ಕಾಲಿಗೆ ಕೊಡಿ. 3ನೇ ಕಾಲಿನಿಂದ 4.5 ವೋಲ್ಟಿಗೆ ಒಂದು ಮೆಗ್ (ಹತ್ತು ಲಕ್ಷ ಓಮ್) ರೆಸಿಸ್ಟರ್. 1 ಮತ್ತು 2ನೇ ಕಾಲನ್ನು ಒಂದಕ್ಕೊಂದು ಸೇರಿಸಿ. 1ನೇ ಕಾಲಿನಿಂದ ಎರಡು ತಂತಿ: ಒಂದು ಫಜ್ ಬೋರ್ಡಿನ ಇನ್‌ಪುಟ್‌ಗೆ, ಇನ್ನೊಂದು ತಿರುಗಿಸುವ ಗುಂಡಿಯ ರೆಸಿಸ್ಟರ್ ಆದ 100ಕೆ ಲೀನಿಯರ್ ಪಾಟ್‌ನ ಒಂದು ತುದಿಗೆ. ಫಜ್ ಬೋರ್ಡಿನ ಔಟ್‌ಪುಟ್ ತಂತಿ 1 ಮೈಕ್ರೋಫ್ಯಾರಡ್ ಮೂಲಕ ಅದೇ ಪಾಟ್‌ನ ಇನ್ನೊಂದು ತುದಿಗೆ. ಈ ಕೆಪಾಸಿಟರ್ ಮರೆಯಬೇಡಿ, ಆ ಕಡೆ ಸೊನ್ನೆ ವೋಲ್ಟ್, ಈ ಕಡೆ 4.5. ಪಾಟ್‌ನ ನಡುಕಾಲು ಐಸಿಯ 5ನೇ ಕಾಲಿಗೆ. 6 ಮತ್ತು 7ರ ನಡುವೆ 10ಕೆ, 6ರಿಂದ 4.5 ವೋಲ್ಟಿಗೆ ಇನ್ನೊಂದು 10ಕೆ. ಗುಂಡಿ ನಡುವೆ ಇದ್ದಾಗ ಎರಡೂ ಕಡೆಯದು ಅರ್ಧರ್ಧ ಆಗುತ್ತದೆ, ಅದನ್ನು ಈ ಜೋಡಿ ಎರಡರಷ್ಟು ಮಾಡಿ ಸರಿದೂಗಿಸುತ್ತದೆ. 7ರಿಂದ 1 ಮೈಕ್ರೋಫ್ಯಾರಡ್ ಮೂಲಕ ಫುಟ್‌ಸ್ವಿಚ್‌ಗೆ. ಸ್ವಿಚ್ ಕಡೆಯ ಅದರ ತುದಿಯಿಂದ ಗ್ರೌಂಡಿಗೆ 100ಕೆ ಹಾಕಿದರೆ ಒತ್ತಿದಾಗ ಟಪ್ ಅನ್ನುವುದು ಕಡಿಮೆ.

ನೋಡಿ, ಫಜ್ ಬೋರ್ಡಿನಲ್ಲಿ ಒಂದು ರೆಸಿಸ್ಟರನ್ನೂ ಕಿತ್ತಿಲ್ಲ. ಎರಡು ತಂತಿ ಬಿಡಿಸಿದ್ದು, ಪವರ್‌ಗೆ ಎರಡು ತಂತಿ ಎಳೆದದ್ದು ಅಷ್ಟೇ. ಬೇಡವಾದರೆ ಹತ್ತು ನಿಮಿಷದಲ್ಲಿ ಮೊದಲಿನ ಹಾಗೆ ಮಾಡಬಹುದು.

ಬೆರೆಸುವಾಗ ಒಂದು ಭಯ ಇರುತ್ತದೆ: ಎರಡು ಅಲೆಗಳು ಒಂದಕ್ಕೊಂದು ತಲೆಕೆಳಗಾಗಿದ್ದರೆ ಪರಸ್ಪರ ತಿಂದುಹಾಕುತ್ತವೆ. ಮಫ್‌ನಲ್ಲಿ ಈ ಕಾಟ ಕಡಿಮೆ. ನಾಲ್ಕು ಟ್ರಾನ್ಸಿಸ್ಟರ್‌ಗಳೂ ಅಲೆಯನ್ನು ಒಂದೊಂದು ಸಲ ತಲೆಕೆಳಗು ಮಾಡುತ್ತವೆ, ನಾಲ್ಕು ಸಲ ಮಗುಚಿದರೆ ಮತ್ತೆ ನೆಟ್ಟಗೆ. ಬೇರೆ ಯಾವುದೋ ಫಜ್‌ಗೆ ಇದನ್ನು ಹಾಕಿ, ಗುಂಡಿ ನಡುವಿಗೆ ಬಂದಾಗ ಸದ್ದು ತೆಳ್ಳಗಾದರೆ ಅದು ಮಗುಚಿಕೊಂಡಿದೆ ಅಂತ ತಿಳಿಯಿರಿ. ಇನ್ನೊಂದು ಮಾತು, ಎರಡೇ ಟ್ರಾನ್ಸಿಸ್ಟರಿನ ಫಜ್ ಫೇಸ್ ಜಾತಿಯ ಪೆಡಲ್‌ಗೆ ಈ ಬಫರ್ (ಐಸಿಯ ಮೊದಲ ಆಂಪ್) ಹಾಕಬೇಡಿ. ಅದಕ್ಕೆ ಪಿಕಪ್ಪೇ (ತಂತಿಗಳ ಕೆಳಗೆ ಸದ್ದು ಹಿಡಿಯುವ ಅಯಸ್ಕಾಂತದ ಸುರುಳಿ) ನೇರವಾಗಿ ಸಿಗಬೇಕು. ನಡುವೆ ಬಫರ್ ಬಂದರೆ ಸದ್ದು ಕೀರಲಾಗುತ್ತದೆ.

ಕ್ಲೀನ್ ದಾರಿಯಲ್ಲಿ ಕೆಳಗಿನ ಸ್ವರ ಮಾತ್ರ ಬಿಡುವ ಫಿಲ್ಟರ್ ಹಾಕಿ ಅಂತ ಕೆಲವರು ಹೇಳುತ್ತಾರೆ. ನನಗೆ ಹಿಡಿಸಲಿಲ್ಲ. ನಾವು ಇಷ್ಟೆಲ್ಲ ಮಾಡಿದ್ದೇ ಬೆರಳಿನ ಏಟಿಗಾಗಿ, ಅದನ್ನೇ ಸೋಸಿ ಎಸೆದರೆ ಹೇಗೆ?

ಸುಮ್ನೆ ಒಂದು ಕತೆ: ಫಜ್ ಪೆಡಲ್ ಹುಟ್ಟಿದ್ದೂ ಬೇಸ್‌ನಿಂದಲೇ. 1960ರಲ್ಲಿ ನ್ಯಾಶ್‌ವಿಲ್‌ನ ಒಂದು ರೆಕಾರ್ಡಿಂಗ್‌ನಲ್ಲಿ ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸುವಾಗ ಮಿಕ್ಸರಿನ ಚಾನೆಲ್ ಕೆಟ್ಟು ಸದ್ದು ಒಡೆಯಿತು. ಅದನ್ನು ಹಾಗೇ ಇಟ್ಟುಕೊಂಡರು. ಎಂಜಿನಿಯರ್ ಗ್ಲೆನ್ ಸ್ನಾಡಿ ಆಮೇಲೆ ಆ ಸದ್ದನ್ನು ಬೇಕೆಂದೇ ಮಾಡುವ ಸರ್ಕ್ಯೂಟ್ ಕಟ್ಟಿದರು. 1962ರಲ್ಲಿ ಅದು ಮೇಸ್ಟ್ರೋ ಫಜ್-ಟೋನ್ ಆಗಿ ಅಂಗಡಿಗೆ ಬಂತು. ಹಾಗಾಗಿ ಗಿಟಾರಿನವರು ಏನಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ನೀವು ಬೆಂಗಳೂರಿನವರಾದರೆ ಸಾಮಾನೆಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಕೆಪಾಸಿಟರನ್ನು ನಂಬರ್ ಹೇಳಿ ಕೇಳಿ: 0.1ಕ್ಕೆ 104, 0.22ಕ್ಕೆ 224, 0.01ಕ್ಕೆ 103, 1 ಮೈಕ್ರೋಫ್ಯಾರಡ್‌ಗೆ 105. "ಬಾಕ್ಸ್ ಟೈಪ್" ಅಂತ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಬಿಲ್ಲೆ ಥರದ ಸೆರಾಮಿಕ್ ಕೊಟ್ಟು ಕಳಿಸುತ್ತಾರೆ. ಪಾಟ್ ಮೇಲೆ ಬಿ100ಕೆ ಅಂತ ಇರಬೇಕು. ಐಸಿಗೆ ಸಾಕೆಟ್ ಕೂಡ ತನ್ನಿ. ಬಿಸಿ ತಾಗುವುದು ಸಾಕೆಟ್‌ಗೆ ಇರಲಿ. ಎಲ್ಲದರಲ್ಲೂ ಎರಡೆರಡು ತನ್ನಿ, ಒಂದು ರೆಸಿಸ್ಟರಿಗೋಸ್ಕರ ಇನ್ನೊಮ್ಮೆ ಆ ಟ್ರಾಫಿಕ್ಕಿನಲ್ಲಿ ಹೋಗುವ ಶಿಕ್ಷೆ ಶತ್ರುವಿಗೂ ಬೇಡ.

ಟ್ರಾನ್ಸಿಸ್ಟರ್ ಬದಲಿಸುವ ಚಪಲಕ್ಕೆ ಈಗ ಬೀಳಬೇಡಿ. 2ಎನ್5088 ಇದ್ದ ಜಾಗಕ್ಕೆ ಬಿಸಿ549 ಹಾಕಿದರೆ ಕಾಲುಗಳ ಸಾಲು ಉಲ್ಟಾ, ತಿರುಗಿಸಿ ಕೂರಿಸಬೇಕು. ಅಷ್ಟು ಮಾಡಿದರೂ ನಿಮ್ಮ ತೊಂದರೆಗೆ ಅದು ಮದ್ದಲ್ಲ.

ಎಲ್ಲ ಜೋಡಿಸಿದ ಮೇಲೆ ಅಡಾಪ್ಟರ್ ಹಾಕುವ ಮೊದಲು ಮಲ್ಟಿಮೀಟರಿನಲ್ಲಿ 8 ಮತ್ತು 4ನೇ ಕಾಲಿನ ನಡುವೆ ಶಾರ್ಟ್ ಇಲ್ಲ ಅಂತ ನೋಡಿ. ಪವರ್ ಕೊಟ್ಟ ಮೇಲೆ 1, 5, 7 ಮೂರರಲ್ಲೂ 4.5ರ ಹತ್ತಿರ ಬರಬೇಕು. ಮುಚ್ಚಳ ತೆಗೆದಿಟ್ಟು ನುಡಿಸಿದರೆ ಮನೆಯ ಟ್ಯೂಬ್‌ಲೈಟೆಲ್ಲ ಅದರಲ್ಲಿ ಗುಂಯ್‌ಗುಡುತ್ತದೆ, ಗಾಬರಿ ಬೇಡ, ಮುಚ್ಚಿದ ಮೇಲೆ ತೀರ್ಮಾನ ಮಾಡಿ. ಫಜ್‌ನ ವಾಲ್ಯೂಮನ್ನು ಕ್ಲೀನ್ ಸದ್ದಿಗೆ ಸಮ ಬರುವಷ್ಟು ಇಳಿಸಿ. ಮಫ್ ತುಂಬ ಜೋರು, ಪೂರ್ತಿ ಬಿಟ್ಟರೆ ಪಕ್ಕದವನ ಮಾತು ಕೇಳುವುದೇ ಇಲ್ಲ. ನಾನು ಬ್ಲೆಂಡ್ ಗುಂಡಿಯನ್ನು ನಡುವಿಗಿಂತ ಒಂದಿಷ್ಟು ಕ್ಲೀನ್ ಕಡೆಗೇ ಇಡುತ್ತೇನೆ.

ಕೊನೆಗೆ, ಮುಚ್ಚಳ ತೆಗೆದಾಗ ಒಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಎಸ್‌ಎಂಡಿ ಸಾಮಾನುಗಳಿದ್ದು, ಬಿಡಿಸಲು ಒಂದು ತಂತಿಯೂ ಇಲ್ಲದಿದ್ದರೆ ಹಾಗೇ ಮುಚ್ಚಿಬಿಡಿ. ಇದೇ ಬ್ಲೆಂಡನ್ನು ಬೇರೆ ಡಬ್ಬಿಯಲ್ಲಿ ಕಟ್ಟಿ, ಎರಡು ಜ್ಯಾಕ್ ಜಾಸ್ತಿ ಹಾಕಿ, ಪೆಡಲನ್ನು ಅದರ ನಡುವೆ ಸಿಕ್ಕಿಸಬಹುದು. ಯಾವ ಥರದ್ದು ಅಂತ ಗೊತ್ತಾಗದಿದ್ದರೆ ಬೋರ್ಡಿನ ಎರಡೂ ಬದಿಯ ಫೋಟೋ ಹಾಕಿ, ಯಾವ ತಂತಿ ಅಂತ ಗುರುತು ಮಾಡಿ ಕೊಡುತ್ತೇನೆ.